ಛಾಯಾಗ್ರಾಹಕನ ಪೆಟ್ಟಿಗೆಯ ನಿದ್ದೆ

"ಗುರುಗಳೇ, ಮನಸ್ಸಿಗೆ ವಿಶ್ರಾಂತಿ ಸಿಗಲೆಂದು ದಿನವೂ ಕಣ್ಣು ಮುಚ್ಚಿ ಕೂರುತ್ತೇನೆ. ಆದರೆ ಏಳುವಾಗ, ಕೂರುವ ಮೊದಲಿಗಿಂತ ಹೆಚ್ಚು ದಣಿದಿರುತ್ತೇನೆ. ಇದು ಏಕೆ?"

ಕೇಳಿದವನು ನಿರುಪಾದಿ. ಪೇಟೆಯಲ್ಲಿ ಬೀಜ ಗೊಬ್ಬರದ ಅಂಗಡಿ ಇಟ್ಟುಕೊಂಡಿದ್ದವನು. ಬೆಳಗ್ಗೆ ಬೇಗ ಮಠಕ್ಕೆ ಬಂದು, ಅಂಗಡಿ ತೆರೆಯುವ ಹೊತ್ತಿನವರೆಗೆ ಧ್ಯಾನಕ್ಕೆ ಕೂರುವುದು ಅವನ ರೂಢಿ. ಅಡವಯ್ಯ ಗುರುಗಳು ಅವನ ಮುಖ ನೋಡಿದರು. ಕಣ್ಣ ಕೆಳಗೆ ಕಪ್ಪು ಕಟ್ಟಿತ್ತು.

"ಎಷ್ಟು ಹೊತ್ತು ಕೂರುತ್ತೀಯೆ?"

"ಒಂದು ಗಂಟೆ. ಸಾಲದು ಎಂದರೆ ಎರಡು ಗಂಟೆ ಕೂರುತ್ತೇನೆ."

"ಬೇಡ. ಅಂಗಡಿಗೆ ತಡವಾದರೂ ಚಿಂತೆಯಿಲ್ಲವೆಂದರೆ ಒಂದು ಕತೆ ಹೇಳುತ್ತೇನೆ," ಎಂದರು ಗುರುಗಳು. ನಿರುಪಾದಿ ಹತ್ತಿರ ಸರಿದು ಕುಳಿತ.

ಒಂದು ಊರಿನಲ್ಲಿ ಒಬ್ಬ ಛಾಯಾಗ್ರಾಹಕನಿದ್ದ. ಮನೆಯ ಮುಂಭಾಗದಲ್ಲಿ ಸ್ಟುಡಿಯೋ, ಹಿಂಭಾಗದಲ್ಲಿ ಸಂಸಾರ. ಮದುವೆ, ನಾಮಕರಣ, ಶಾಲೆಯ ಗುಂಪು ಚಿತ್ರ, ಎಲ್ಲಕ್ಕೂ ಆ ಊರಿನವರು ಅವನನ್ನೇ ಕರೆಯುತ್ತಿದ್ದರು. ತೆಗೆದ ಯಾವ ಚಿತ್ರವನ್ನೂ ಅವನು ಅಳಿಸುತ್ತಿರಲಿಲ್ಲ. ಕಣ್ಣು ಮುಚ್ಚಿಕೊಂಡದ್ದು, ಮುಖ ತಿರುಗಿಸಿದ್ದು, ಅಡ್ಡ ಯಾರೋ ಬಂದದ್ದು, ಎಲ್ಲವನ್ನೂ ಇಟ್ಟುಕೊಳ್ಳುತ್ತಿದ್ದ. ಹೀಗಾಗಿ ಊರಿನಲ್ಲಿ ಯಾರಾದರೂ ತೀರಿಕೊಂಡರೆ ಮನೆಯವರು ಅವನ ಬಾಗಿಲಿಗೆ ಬರುತ್ತಿದ್ದರು. ಗೋಡೆಗೆ ಹಾಕಲು ಒಂದು ಮುಖ ಬೇಕಾಗುತ್ತಿತ್ತು. ಅವನು ಹುಡುಕಿ ಕೊಡುತ್ತಿದ್ದ. ಬರಿಗೈಯಲ್ಲಿ ಕಳುಹಿಸಿದ್ದೇ ಇಲ್ಲ. ಇದು ಅವನ ಹೆಮ್ಮೆಯಾಗಿತ್ತು.

ಆ ಚಿತ್ರಗಳೆಲ್ಲ ಒಂದು ಪೆಟ್ಟಿಗೆಯಲ್ಲಿದ್ದವು. ನಡುಮನೆಯ ಗೂಡಿನಲ್ಲಿ ಇಟ್ಟ ಸಣ್ಣ ಸರ್ವರ್ ಅದು; ಮನೆಯ ಕಂಪ್ಯೂಟರು, ಟಿವಿ, ಫೋನು ಕೇಳಿದ್ದನ್ನು ವೈಫೈ ಮೂಲಕ ತೆಗೆದುಕೊಡುತ್ತಿತ್ತು. ಒಳಗೆ ಎರಡು ಹಾರ್ಡ್ ಡಿಸ್ಕುಗಳು. ಒಂದರಲ್ಲಿ ಇದ್ದದ್ದೇ ಇನ್ನೊಂದರಲ್ಲೂ ಇರುತ್ತಿತ್ತು. ಒಂದು ಕೆಟ್ಟರೆ ಇನ್ನೊಂದು ಉಳಿಯುತ್ತದೆ ಎಂಬ ಲೆಕ್ಕ. ಆ ನಂಬಿಕೆಯಿಂದ ಅವನು ಬೇರೆ ಕಡೆ ಪ್ರತಿ ಇಟ್ಟಿರಲಿಲ್ಲ. ಡಿಸ್ಕು ಎಂದರೆ ಒಳಗೆ ತಿರುಗುವ ತಟ್ಟೆ. ತಿರುಗುತ್ತಿರುವಾಗ ಒಂದು ಸಣ್ಣ ಗುಂಯ್‌ಗುಟ್ಟುವ ಸದ್ದು ಬರುತ್ತದೆ. ಹಗಲು ರಾತ್ರಿ ಆ ಸದ್ದು ಮನೆಯಲ್ಲಿತ್ತು. ಗಂಡ ಹೆಂಡತಿ ಇಬ್ಬರಿಗೂ ಅದು ರೂಢಿಯಾಗಿತ್ತು.

ಒಂದು ಬೇಸಿಗೆಯಲ್ಲಿ ಕರೆಂಟು ಪದೇ ಪದೇ ಹೋಗತೊಡಗಿತು. ಮನೆಯ ಇನ್ವರ್ಟರ್ ಬೇಗ ಬರಿದಾಗುತ್ತಿತ್ತು. ಯಾವುದು ಎಷ್ಟು ಕರೆಂಟು ಎಳೆಯುತ್ತಿದೆ ಎಂದು ಅವನು ಒಂದೊಂದಾಗಿ ನೋಡಿದ. ಪೆಟ್ಟಿಗೆ ನಿಲ್ಲದೆ ಎಳೆಯುತ್ತಿತ್ತು. ಅದರ ಸೆಟ್ಟಿಂಗುಗಳನ್ನು ತೆರೆದು ನೋಡಿದಾಗ ಒಂದು ಆಯ್ಕೆ ಕಂಡಿತು. ಇಷ್ಟು ಹೊತ್ತು ಯಾರೂ ಏನೂ ಕೇಳದಿದ್ದರೆ ಡಿಸ್ಕು ತಿರುಗುವುದನ್ನು ನಿಲ್ಲಿಸಲಿ. ಯಾರಾದರೂ ಕೇಳಿದರೆ ಮತ್ತೆ ಎದ್ದು ತಿರುಗಲಿ. ಎಷ್ಟು ಹೊತ್ತು ಎಂಬುದನ್ನು ಯಜಮಾನನೇ ಹೇಳಬೇಕು. ಎರಡು ಗಂಟೆ ಎನ್ನಬಹುದು, ಒಂದು ಗಂಟೆ ಎನ್ನಬಹುದು. ಎಲ್ಲಕ್ಕಿಂತ ಕಡಿಮೆಯದು ಐದು ನಿಮಿಷ.

ಕೆಲಸವಿಲ್ಲದೆ ಸುಮ್ಮನೆ ಏಕೆ ತಿರುಗಬೇಕು ಎಂದುಕೊಂಡು ಅವನು ಐದು ನಿಮಿಷ ಎಂದು ಒತ್ತಿದ.

ಸ್ವಲ್ಪ ಹೊತ್ತಿನಲ್ಲಿ ಪೆಟ್ಟಿಗೆಯೊಳಗಿನಿಂದ ಒಂದು ಸಣ್ಣ ಟಕ್ ಕೇಳಿಸಿತು. ಆಮೇಲೆ ಸದ್ದು ನಿಂತಿತು. ಹೆಂಡತಿ ಅಡುಗೆಮನೆಯಿಂದ ಹೊರಗೆ ಬಂದಳು.

"ಏನಾಯಿತು? ಮನೆ ಖಾಲಿಯಾದ ಹಾಗಿದೆ," ಎಂದಳು.

"ಮಲಗಿತು," ಎಂದ ಅವನು.

ಆ ಮೌನ ಅವನಿಗೆ ಹಿಡಿಸಿತು. ಇಷ್ಟು ವರ್ಷ ತನ್ನ ಕಿವಿಯಲ್ಲಿ ಏನು ತುಂಬಿಕೊಂಡಿತ್ತು ಎಂಬುದು ಅದು ನಿಂತ ಮೇಲೆ ತಿಳಿಯಿತು. ಇನ್ವರ್ಟರ್ ಕೂಡ ಹೆಚ್ಚು ಹೊತ್ತು ಬಂತು. ಡಿಸ್ಕಿಗೂ ಒಳ್ಳೆಯದು, ದಣಿಯುವುದಿಲ್ಲ, ಹೆಚ್ಚು ಕಾಲ ಬಾಳುತ್ತದೆ ಎಂದು ಅವನು ನಂಬಿದ. ಇದು ಎಲ್ಲಿಯೋ ಓದಿದ್ದಲ್ಲ. ತನಗೆ ತಾನೇ ಹೇಳಿಕೊಂಡದ್ದು.

ಮೊದಲು ಕೆಲವು ದಿನ ಅವನು ಗೂಡಿನ ಮುಂದೆ ನಿಂತು ಕಿವಿಗೊಟ್ಟು ಕೇಳುತ್ತಿದ್ದ. ಆಮೇಲೆ ಸ್ಟುಡಿಯೋದಲ್ಲಿ ಕುಳಿತಾಗಲೂ ತಿಳಿಯಬೇಕು ಎನ್ನಿಸಿತು. ಪೆಟ್ಟಿಗೆಯ ಸ್ಥಿತಿ ತೋರಿಸುವ ಒಂದು ಆ್ಯಪನ್ನು ಫೋನಿನಲ್ಲಿ ಹಾಕಿಕೊಂಡ. ಡಿಸ್ಕು ಮಲಗಿದ್ದರೆ ಅದರಲ್ಲಿ ಚಂದ್ರ ಕಾಣುತ್ತಿತ್ತು. ಎದ್ದಿದ್ದರೆ ಸೂರ್ಯ. ಪಕ್ಕದಲ್ಲಿ ಡಿಸ್ಕು ಎಷ್ಟು ಬಿಸಿಯಾಗಿದೆ ಎಂಬುದೂ ಬರುತ್ತಿತ್ತು. ಫೋನು ಜೇಬಿನಲ್ಲಿದ್ದಾಗಲೂ ಆ ಆ್ಯಪು ಸ್ವಲ್ಪ ಹೊತ್ತಿಗೊಮ್ಮೆ ತಾನಾಗಿಯೇ ಪೆಟ್ಟಿಗೆಯನ್ನು ವಿಚಾರಿಸಿ ಹೊಸ ಸುದ್ದಿ ತಂದಿಟ್ಟುಕೊಳ್ಳುತ್ತಿತ್ತು.

ಅವನು ಫೋನು ತೆರೆದು ನೋಡುತ್ತಿದ್ದ. ಚಂದ್ರ ಕಾಣುತ್ತಿತ್ತು. ಸಮಾಧಾನವಾಗುತ್ತಿತ್ತು. ಆದರೆ ನೋಡನೋಡುತ್ತಿದ್ದಂತೆಯೇ ಚಂದ್ರ ಹೋಗಿ ಸೂರ್ಯ ಬರುತ್ತಿತ್ತು. ಒಳಗೆ ಟಕ್ ಎಂದು ಡಿಸ್ಕು ಎದ್ದ ಸದ್ದು ಕೇಳುತ್ತಿತ್ತು.

ಯಾರೋ ಎಬ್ಬಿಸಿದರು ಎಂದು ಅವನು ಎದ್ದು ಒಳಗೆ ಹೋಗುತ್ತಿದ್ದ.

ಒಂದು ದಿನ ಹೀಗಾದರೆ ಬಿಡಬಹುದಿತ್ತು. ಪ್ರತಿ ಸಲವೂ ಹೀಗೇ ಆಯಿತು. ಯಾರು ಎಂದು ಅವನು ಹುಡುಕತೊಡಗಿದ. ನಡುಮನೆಯ ಟಿವಿ ಮೇಲೆ ಸಂಶಯ ಬಂತು. ಆ ಟಿವಿಯಲ್ಲಿ ಪೆಟ್ಟಿಗೆಯ ಚಿತ್ರಗಳನ್ನು ನೋಡಬಹುದಿತ್ತು. ಮಧ್ಯಾಹ್ನ ಕೆಲಸ ಮುಗಿದ ಮೇಲೆ ಹೆಂಡತಿ ಅಲ್ಲಿ ಕುಳಿತು ಹಳೆಯ ಚಿತ್ರಗಳನ್ನು ನೋಡುತ್ತಿದ್ದಳು. ಅವಳ ತಂಗಿ ಚಿಕ್ಕ ವಯಸ್ಸಿನಲ್ಲೇ ತೀರಿಕೊಂಡಿದ್ದಳು. ತಂಗಿಯ ಮದುವೆಯ ಚಿತ್ರಗಳನ್ನು ಅವನೇ ತೆಗೆದಿದ್ದ. ದಿನಾ ಅಲ್ಲದಿದ್ದರೂ ಆಗಾಗ ಅವಳು ಅವನ್ನು ತೆರೆಯುತ್ತಿದ್ದಳು.

"ಸುಮ್ಮಸುಮ್ಮನೆ ಅದನ್ನು ಎಬ್ಬಿಸಬೇಡ," ಎಂದ ಅವನು.

"ಸುಮ್ಮಸುಮ್ಮನೆ ಅಲ್ಲ ರೀ. ಅವಳನ್ನು ನೋಡಬೇಕು ಅನ್ನಿಸಿದಾಗ ತೆಗೆಯುತ್ತೇನೆ."

"ಹಬ್ಬಕ್ಕೆ ನೋಡು. ದಿನಾ ಎಬ್ಬಿಸಿದರೆ ಅದು ಬಾಳುವುದಿಲ್ಲ."

ಅವನು ಟಿವಿಗೂ ಪೆಟ್ಟಿಗೆಗೂ ಇದ್ದ ಸಂಪರ್ಕ ತೆಗೆದುಹಾಕಿದ. ಅಂದಿನಿಂದ ಮಧ್ಯಾಹ್ನ ಅವಳು ನಡುಮನೆಯಲ್ಲಿ ಕೂರುವುದನ್ನು ಬಿಟ್ಟಳು. ಅವನು ಫೋನು ನೋಡಿದ. ಚಂದ್ರ ಹೋಗಿ ಸೂರ್ಯ ಬಂತು.

ಅವನು ಸ್ಟುಡಿಯೋದ ಒಂದು ಕಂಪ್ಯೂಟರನ್ನು ಪೆಟ್ಟಿಗೆಯಿಂದ ಬಿಡಿಸಿದ. ಬಾಗಿಲ ಬಳಿಯ ಕ್ಯಾಮೆರಾ ತನ್ನ ದೃಶ್ಯಗಳನ್ನು ಪೆಟ್ಟಿಗೆಯಲ್ಲಿ ಇಡುತ್ತಿತ್ತು, ಅದನ್ನೂ ಬಿಡಿಸಿದ. ಸೂರ್ಯ ಬರುವುದು ನಿಲ್ಲಲಿಲ್ಲ. ಅವನಿಗೆ ಊಟದ ಮೇಲೂ ಗಮನ ಇಲ್ಲದಂತಾಯಿತು. ತಟ್ಟೆಯ ಪಕ್ಕದಲ್ಲಿ ಫೋನು ಇಟ್ಟುಕೊಂಡು ಉಣ್ಣುತ್ತಿದ್ದ. ಮದುಮಕ್ಕಳನ್ನು ನಿಲ್ಲಿಸಿ, ಬೆಳಕು ಸರಿಮಾಡುವ ನಡುವೆ, ಮನೆಯಲ್ಲಿ ಪೆಟ್ಟಿಗೆ ಮಲಗಿರಬಹುದೇ ಎಂದು ಯೋಚಿಸುತ್ತಿದ್ದ.

ಒಮ್ಮೆ ಪಕ್ಕದ ಊರಿನ ಮದುವೆಗೆ ಹೋಗಿ ಎರಡು ದಿನ ಅಲ್ಲಿಯೇ ಉಳಿದ. ಮನೆಯ ವೈಫೈ ಅಷ್ಟು ದೂರ ಬರುವುದಿಲ್ಲವಾದ್ದರಿಂದ ಫೋನಿಗೆ ಪೆಟ್ಟಿಗೆ ಸಿಗಲಿಲ್ಲ. ಅವನು ಮರಳಿ ಬಂದು ಸ್ಕೂಟರ್ ನಿಲ್ಲಿಸಿ ಒಳಗೆ ಕಾಲಿಟ್ಟ. ಹೆಂಡತಿ ನೀರು ತಂದುಕೊಟ್ಟಳು. ಅವನು ನೀರು ಕುಡಿಯುತ್ತಿರುವಾಗಲೇ ಗೂಡಿನಿಂದ ಟಕ್ ಎಂದಿತು.

"ನೋಡು, ಮತ್ತೆ ಎದ್ದಿತು," ಎಂದ.

"ನೀವು ಇಲ್ಲದಾಗ ಒಂದು ಸಲವೂ ಏಳಲಿಲ್ಲ ರೀ," ಎಂದಳು ಹೆಂಡತಿ. "ಎರಡು ದಿನ ಕಲ್ಲಿನ ಹಾಗೆ ಬಿದ್ದಿತ್ತು. ನೀವು ಬಂದಿರಿ, ಎದ್ದಿತು. ಅದನ್ನು ಎಬ್ಬಿಸುತ್ತಿರುವವರು ನೀವೇ ಇರಬೇಕು."

ಅವನು ಲೋಟ ಕೆಳಗಿಟ್ಟ. "ನಾನು ಅದನ್ನು ಮುಟ್ಟಿಯೇ ಇಲ್ಲ. ನೋಡುತ್ತೇನೆ, ಅಷ್ಟೇ."

ಟಿವಿ ಬಿಡಿಸಿದ ಸಿಟ್ಟನ್ನು ಅವಳು ಹೀಗೆ ತೀರಿಸಿಕೊಳ್ಳುತ್ತಿದ್ದಾಳೆ ಎಂದು ಅವನಿಗೆ ಅನ್ನಿಸಿತು. ಅವಳಿಗೆ ಸಿಟ್ಟಿರಲಿಲ್ಲ. ಇದ್ದದ್ದನ್ನು ಹೇಳಿದ್ದಳು.

ಆ ಊರಿನಲ್ಲಿ ಒಬ್ಬ ಹೂಗಾರನಿದ್ದ. ಮದುವೆಯ ಮಂಟಪಗಳಿಗೆ ಹೂವು ಕಟ್ಟುವುದು ಅವನ ಕಸುಬು. ಛಾಯಾಗ್ರಾಹಕ ಹೋದ ಮದುವೆಗಳಿಗೆಲ್ಲ ಅವನೂ ಹೋಗುತ್ತಿದ್ದ. ಇಬ್ಬರೂ ಎಲ್ಲರಿಗಿಂತ ಮೊದಲು ಬಂದು, ಎಲ್ಲರೂ ಉಂಡ ಮೇಲೆ ಉಣ್ಣುವವರು. ಹೂಗಾರನಿಗೆ ತನ್ನದೊಂದು ಚಿತ್ರ ತೆಗೆಸಿಕೊಳ್ಳಬೇಕೆಂಬ ಆಸೆ ಎಂದೂ ಇರಲಿಲ್ಲ. ಒಂದು ಸಲ ಮಾತ್ರ, ಕೆಲಸ ಬೇಗ ಮುಗಿದ ದಿನ, ಛಾಯಾಗ್ರಾಹಕ ಅವನ ಕೈಗೆ ಒಂದು ಹಾರ ಕೊಟ್ಟು, ಮಂಟಪದ ಮುಂದೆ ನಿಲ್ಲಿಸಿ ಚಿತ್ರ ತೆಗೆದಿದ್ದ. ಪ್ರತಿ ಹಾಕಿಸಿ ಕೊಡುತ್ತೇನೆ ಎಂದಿದ್ದ. ಕೊಡುವುದು ಆಗಿರಲಿಲ್ಲ.

ಆ ಹೂಗಾರ ಜ್ವರ ಬಂದು ತೀರಿಕೊಂಡ. ಕೆಲವು ದಿನಗಳ ಮೇಲೆ ಅವನ ಹೆಂಡತಿ ಸ್ಟುಡಿಯೋಗೆ ಬಂದಳು.

"ಅಣ್ಣಾ, ನಾಡಿದ್ದು ತಿಥಿ ಇದೆ. ಅವರದೊಂದು ಫೋಟೋ ನಿಮ್ಮ ಹತ್ತಿರ ಇದೆಯಂತೆ. ನನಗೆ ಹೇಳಿದ್ದರು."

"ಇದೆಯಮ್ಮಾ," ಎಂದ ಅವನು. ಎಂದಿನ ಅಭ್ಯಾಸದಂತೆ ಫೋನು ತೆರೆದ. ಚಂದ್ರ ಕಂಡಿತು. ಈ ಸಲ ಅದು ಹೋಗಲಿಲ್ಲ. ಅವನು ನೋಡುತ್ತಲೇ ಇದ್ದ. ಸೂರ್ಯ ಬರಲಿಲ್ಲ. ಒಳಗಿನಿಂದ ಟಕ್ ಎನ್ನುವ ಸದ್ದೂ ಬರಲಿಲ್ಲ. ಎಷ್ಟೋ ತಿಂಗಳುಗಳ ಮೇಲೆ ಪೆಟ್ಟಿಗೆ ಗಾಢವಾಗಿ ಮಲಗಿತ್ತು. ಅವನ ಎದೆ ಹಗುರವಾಯಿತು.

"ನಾಳೆ ಬಾಮ್ಮಾ. ಬೆಳಗ್ಗೆ ತೆಗೆದಿಟ್ಟಿರುತ್ತೇನೆ," ಎಂದ.

"ಈಗ ಆಗುವುದಿಲ್ಲವೇ ಅಣ್ಣಾ? ಒಂದು ಸಲ ನೋಡಿಕೊಂಡು ಹೋಗುತ್ತಿದ್ದೆ."

"ಈಗಷ್ಟೇ ಮಲಗಿದೆ," ಎಂದ ಅವನು.

ಅವಳಿಗೆ ಆ ಮಾತು ಅರ್ಥವಾಗಲಿಲ್ಲ. ಮನೆಯಲ್ಲಿ ಮಗು ಮಲಗಿರಬೇಕು ಎಂದುಕೊಂಡು, ಚಪ್ಪಲಿ ಸದ್ದಾಗದಂತೆ ಮೆಟ್ಟಿಲಿಳಿದು ಹೋದಳು.

ಡಿಸ್ಕು ಮಲಗಿರಲಿಲ್ಲ. ಏಳಲಾರದೆ ಹೋಗಿತ್ತು.

ಲೋಡು ಹೇರಿದ ಗಾಡಿ ದಾರಿಯಲ್ಲಿ ಸಾಗುತ್ತಿರುವಾಗ ಎತ್ತಿಗೆ ಅಷ್ಟು ಭಾರವಾಗುವುದಿಲ್ಲ. ನಿಂತ ಗಾಡಿಯನ್ನು ಮತ್ತೆ ಕದಲಿಸುವಾಗ ಹೆಗಲು ಮುರಿಯುತ್ತದೆ. ಆ ಡಿಸ್ಕು ನಿಲ್ಲುವುದು, ಕದಲುವುದು, ಮತ್ತೆ ನಿಲ್ಲುವುದು, ಮತ್ತೆ ಕದಲುವುದು, ಇದನ್ನೇ ಮಾಡುತ್ತ ಬಂದಿತ್ತು. ಸುಮ್ಮನೆ ತಿರುಗಿಕೊಂಡಿದ್ದರೆ ಇನ್ನೂ ಎಷ್ಟೋ ವರ್ಷ ತಿರುಗುತ್ತಿತ್ತು.

ಮರುದಿನ ಬೆಳಗ್ಗೆ ಚಿತ್ರ ತೆಗೆಯಲು ಕುಳಿತಾಗ ಅವನಿಗೆ ಇದು ಗೊತ್ತಾಯಿತು. ಒಂದು ಡಿಸ್ಕು ಸತ್ತಿತ್ತು. ಇನ್ನೊಂದು ಹೇಗೋ ಎದ್ದು ತಿರುಗಿತು, ಆದರೆ ಸದ್ದು ಸರಿಯಿರಲಿಲ್ಲ. ಅವನು ಗಾಬರಿಯಿಂದ ಪೇಟೆಗೆ ಹೋಗಿ ಹೊಸ ಡಿಸ್ಕು ತಂದು ಹಾಕಿದ. ಅಷ್ಟರಲ್ಲಿ ಹೂಗಾರನ ಹೆಂಡತಿ ಬಂದು, ಸ್ಟುಡಿಯೋ ಬಾಗಿಲು ಮುಚ್ಚಿದ್ದನ್ನು ಕಂಡು ಮರಳಿದ್ದಳು. ಉಳಿದ ಡಿಸ್ಕಿನಲ್ಲಿದ್ದದ್ದು ಹೊಸದಕ್ಕೆ ಇಳಿಯಬೇಕು. ಅದಕ್ಕೆ ಇಡೀ ದಿನ ಬೇಕಾಗುತ್ತದೆ. ಆದರೆ ಎರಡೂ ಡಿಸ್ಕುಗಳನ್ನು ಒಂದೇ ದಿನ ತಂದದ್ದು. ಒಂದು ಎಷ್ಟು ಸಲ ಎದ್ದು ಮಲಗಿತ್ತೋ ಇನ್ನೊಂದೂ ಅಷ್ಟೇ ಸಲ ಎದ್ದು ಮಲಗಿತ್ತು. ಮಧ್ಯಾಹ್ನದ ಹೊತ್ತಿಗೆ ಅದರೊಳಗೆ ಏನೋ ಉಜ್ಜಿದಂತೆ ಸದ್ದಾಯಿತು. ಆಮೇಲೆ ಅದೂ ನಿಂತಿತು. ಕಾಲು ಭಾಗ ಮಾತ್ರ ಹೊಸದಕ್ಕೆ ಬಂದಿತ್ತು. ಅವನು ಆತುರದಿಂದ ತೆರೆದು ನೋಡಿದ. ಅದರಲ್ಲಿ ಹೆಂಡತಿಯ ತಂಗಿಯ ಮದುವೆ ಇತ್ತು. ಹೂಗಾರನ ಚಿತ್ರ ಇರಲಿಲ್ಲ.

ಮಾರನೆಯ ದಿನ, ತಿಥಿಯ ದಿನವೇ, ಡಿಸ್ಕು ಬಿಚ್ಚಿ ಮಾಹಿತಿ ತೆಗೆಯುವವರ ಬಳಿಗೂ ಅವನು ಹೋಗಿ ಬಂದ. ತಟ್ಟೆಯ ಮೇಲೆ ಗೀರು ಬಿದ್ದಿದೆ, ಆಗುವುದಿಲ್ಲ ಎಂದು ಅವರು ಮರಳಿಸಿದರು.

ಅವನು ಮನೆಗೆ ಬಂದು, ಸತ್ತ ಎರಡು ಡಿಸ್ಕುಗಳನ್ನು ಮೇಜಿನ ಮೇಲಿಟ್ಟು ಕುಳಿತ. ಹೊಸ ಡಿಸ್ಕಿಗೆ ಏನೂ ಆಗದಿರಲಿ ಎಂದು ಗೂಡಿನ ಪೆಟ್ಟಿಗೆಯನ್ನು ಆರಿಸಿಟ್ಟಿದ್ದ. ಮನೆಯಲ್ಲಿ ಯಾವ ಸದ್ದೂ ಇರಲಿಲ್ಲ. ಆಗ ಅವನ ಜೇಬಿನಲ್ಲಿ ಫೋನು ನಡುಗಿತು. ತೆಗೆದು ನೋಡಿದ. ಪೆಟ್ಟಿಗೆ ಉತ್ತರಿಸುತ್ತಿಲ್ಲ ಎಂದು ಆ ಆ್ಯಪು ತಿಳಿಸುತ್ತಿತ್ತು. ಫೋನನ್ನು ಕೆಳಗಿಟ್ಟ. ಸ್ವಲ್ಪ ಹೊತ್ತು ಕಳೆಯಿತು. ಮತ್ತೆ ನಡುಗಿತು. ಪೆಟ್ಟಿಗೆ ಉತ್ತರಿಸುತ್ತಿಲ್ಲ. ಮತ್ತೆ ಅಷ್ಟೇ ಹೊತ್ತು ಕಳೆಯಿತು. ಮತ್ತೆ ನಡುಗಿತು.

ಮಲಗಿದೆಯೇ, ಬಿಸಿಯಾಗಿದೆಯೇ ಎಂದು ಅದು ಕೇಳುತ್ತಿತ್ತು. ಇಷ್ಟು ದಿನವೂ ಕೇಳುತ್ತಿದ್ದದ್ದು ಇದೇ. ಕೇಳಿದಾಗಲೆಲ್ಲ ಡಿಸ್ಕು ಉತ್ತರ ಕೊಡಲು ಎದ್ದು ನಿಲ್ಲುತ್ತಿತ್ತು.

ಅವನು ಹೆಂಡತಿಯನ್ನು ಕರೆದ. ಅವಳು ಬಂದು ನಿಂತಳು. ಮೇಜಿನ ಮೇಲೆ ಫೋನು ಇನ್ನೊಮ್ಮೆ ನಡುಗಿದ್ದನ್ನು ಇಬ್ಬರೂ ನೋಡಿದರು.

"ನೀನು ಅಂದೇ ಹೇಳಿದ್ದೆ," ಎಂದ ಅವನು.

"ಹೂಗಾರರ ಮನೆಗೆ ಹೋಗಿ ಹೇಳಿ ಬನ್ನಿ. ಅವರು ಕಾಯುತ್ತಿರುತ್ತಾರೆ," ಎಂದಳು ಅವಳು.

ಅವನು ಹೋದ. ತಿಥಿ ಮುಗಿದಿತ್ತು. ಚಿತ್ರ ಇಡಬೇಕಾದ ಜಾಗದಲ್ಲಿ ಒಂದು ಮಣೆ ಇಟ್ಟು, ಅದಕ್ಕೇ ಹಾರ ಹಾಕಿದ್ದರು. ಅವನು ಹೊಸ್ತಿಲ ಹೊರಗೇ ನಿಂತು ನಡೆದದ್ದನ್ನು ಹೇಳಿದ. ಚಿತ್ರ ನನ್ನ ಬಳಿ ಇತ್ತು, ನೀನು ಕೇಳಿದ ಮರುದಿನ ಬೆಳಗ್ಗೆಯವರೆಗೂ ಇತ್ತು, ಈಗ ಇಲ್ಲ ಎಂದ. ಹೂಗಾರನ ಹೆಂಡತಿ ಬೈಯಲಿಲ್ಲ. "ಅದರಲ್ಲಿ ಅವರು ಹೇಗಿದ್ದರು ಅಣ್ಣಾ?" ಎಂದು ಕೇಳಿದಳು.

ಅವನು ಹೇಳಲು ಬಾಯಿ ತೆರೆದ. ಹಾರ ನೆನಪಿತ್ತು, ಮಂಟಪ ನೆನಪಿತ್ತು. ಮುಖ ನೆನಪಿಗೆ ಬರಲಿಲ್ಲ. ಚಿತ್ರ ಇದೆ ಎಂಬ ಧೈರ್ಯದಲ್ಲಿ ಅವನು ಮುಖವನ್ನು ನೆನಪಿಟ್ಟುಕೊಂಡಿರಲಿಲ್ಲ.

ಮರುದಿನದಿಂದ ಅವನು ಊರಿನ ಮನೆಗಳಿಗೆ ಹೋಗತೊಡಗಿದ. ನಿಮ್ಮ ಮದುವೆಯ ಆಲ್ಬಂ ಒಮ್ಮೆ ಕೊಡಿ ಎಂದು ಕೇಳುತ್ತಿದ್ದ. ತಾನೇ ಮಾಡಿಕೊಟ್ಟ ಆಲ್ಬಂಗಳನ್ನು ಜಗಲಿಯ ಮೇಲೆ ಬಿಡಿಸಿಟ್ಟು, ಮದುಮಕ್ಕಳನ್ನು ಬಿಟ್ಟು ಅವರ ಹಿಂದೆ ನೋಡುತ್ತಿದ್ದ. ಕೆಲವರು ನಕ್ಕರು. ಕೆಲವರು ಚಹಾ ಕೊಟ್ಟು ತಾವೂ ಪಕ್ಕದಲ್ಲಿ ಕುಳಿತು ಹುಡುಕಿದರು. ಒಂದು ಆಲ್ಬಂನಲ್ಲಿ ಹೂಗಾರನ ಮೊಣಕೈ ಸಿಕ್ಕಿತು. ಇನ್ನೊಂದರಲ್ಲಿ ಬೆನ್ನು. ಮತ್ತೊಂದರಲ್ಲಿ ಅವನು ಊಟದ ಸಾಲಿನ ಕೊನೆಯಲ್ಲಿ ತಲೆ ಬಗ್ಗಿಸಿ ಕುಳಿತಿದ್ದ. ಕಡೆಗೆ ಎಣ್ಣೆ ವ್ಯಾಪಾರಿಯ ಮಗಳ ಮದುವೆಯ ಆಲ್ಬಂನಲ್ಲಿ ಅವನ ಪೂರ್ತಿ ಮುಖ ಸಿಕ್ಕಿತು. ಏಣಿಯ ಮೇಲೆ ನಿಂತು ಕಂಬಕ್ಕೆ ಹೂವು ಕಟ್ಟುತ್ತಿದ್ದ. ಹಲ್ಲಿನಲ್ಲಿ ದಾರ ಕಚ್ಚಿಕೊಂಡಿದ್ದ. ಯಾರೋ ನೋಡುತ್ತಿದ್ದಾರೆ ಎಂಬುದು ಅವನಿಗೆ ತಿಳಿದಿರಲಿಲ್ಲ.

ಛಾಯಾಗ್ರಾಹಕ ಅದರ ಪ್ರತಿ ತೆಗೆದು, ದೊಡ್ಡದು ಮಾಡಿ, ಕಟ್ಟು ಹಾಕಿಸಿ ತೆಗೆದುಕೊಂಡು ಹೋದ. ಚಿತ್ರ ಸ್ವಲ್ಪ ಮಸುಕಾಗಿತ್ತು. ಹೂಗಾರನ ಹೆಂಡತಿ ಅದನ್ನು ಬಹಳ ಹೊತ್ತು ನೋಡಿದಳು.

"ದಾರ ಹೀಗೇ ಕಚ್ಚಿಕೊಳ್ಳುತ್ತಿದ್ದರು," ಎಂದಳು. "ಬೇಡ ಅಂದರೆ ಕೇಳುತ್ತಿರಲಿಲ್ಲ." ಸೆರಗಿನಿಂದ ಗಾಜು ಒರೆಸಿ ಒಳಗೆ ತೆಗೆದುಕೊಂಡು ಹೋದಳು.

ಅಲ್ಲಿಂದ ಬಂದ ಮೇಲೆ ಅವನು ಪೆಟ್ಟಿಗೆಗೆ ಇನ್ನೊಂದು ಹೊಸ ಡಿಸ್ಕು ಹಾಕಿದ. ಬೇಗ ಮಲಗಿಸುವ ಆ ಸೆಟ್ಟಿಂಗನ್ನು ತೆಗೆದುಬಿಟ್ಟ. ಬೇಕಾದರೆ ದಿನವೆಲ್ಲ ತಿರುಗಲಿ, ಬಹಳ ಹೊತ್ತು ಯಾರೂ ಕೇಳದಿದ್ದರೆ ಆಗ ನಿಲ್ಲಲಿ ಎಂದು ಬಿಟ್ಟ. ಇನ್ವರ್ಟರಿಗೆ ಭಾರವಾಗದಂತೆ ಸ್ಟುಡಿಯೋದ ಒಂದು ದೊಡ್ಡ ದೀಪವನ್ನು ಅದರಿಂದ ಬಿಡಿಸಿದ. ಚಿತ್ರಗಳ ಮತ್ತೊಂದು ಪ್ರತಿಯನ್ನು ತಮ್ಮನ ಮನೆಯಲ್ಲಿ ಇಟ್ಟ. ಟಿವಿಯನ್ನು ಮತ್ತೆ ಪೆಟ್ಟಿಗೆಗೆ ಜೋಡಿಸಿದ. ಫೋನಿನಿಂದ ಚಂದ್ರ ಸೂರ್ಯರನ್ನು ಅಳಿಸಿದ.

ಊರಿನವರು ಆಲ್ಬಂಗಳನ್ನು ತಂದುಕೊಡುತ್ತ ಹೋದರು. ಅವನು ಒಂದೊಂದನ್ನೇ ಪ್ರತಿ ಮಾಡಿ ಪೆಟ್ಟಿಗೆಗೆ ಸೇರಿಸುತ್ತ ಹೋದ. ಹೋದದ್ದರಲ್ಲಿ ಅರ್ಧವೂ ಮರಳಿ ಬರಲಿಲ್ಲ.

ಒಂದು ಮಧ್ಯಾಹ್ನ ಹೆಂಡತಿ ನಡುಮನೆಯಲ್ಲಿ ಟಿವಿ ಹಚ್ಚುವ ಮೊದಲು ಗೂಡಿನ ಕಡೆ ನೋಡಿ, "ಈಗ ಅದು ಮಲಗಿದೆಯೇನು ರೀ?" ಎಂದು ಕೇಳಿದಳು.

"ಗೊತ್ತಿಲ್ಲ," ಎಂದ ಅವನು. ತನ್ನ ಕೈಯಲ್ಲಿದ್ದ ಕೆಲಸದಿಂದ ತಲೆ ಎತ್ತಲಿಲ್ಲ.

ಗುರುಗಳು ಕತೆ ನಿಲ್ಲಿಸಿದರು. ಮಠದ ಅಂಗಳದಲ್ಲಿ ಬಿಸಿಲು ಏರಿತ್ತು. ನಿರುಪಾದಿಯ ಮುಖದಲ್ಲಿ ಬೆಳಕು ಬಂತು, ಆಮೇಲೆ ಅಷ್ಟೇ ಬೇಗ ಹೋಯಿತು.

"ಅರ್ಥವಾಯಿತು ಗುರುಗಳೇ. ಶಾಂತವಾಯಿತೇ ಶಾಂತವಾಯಿತೇ ಎಂದು ನಾನು ಪದೇ ಪದೇ ನೋಡುತ್ತಿದ್ದೇನೆ. ಇನ್ನು ನೋಡುವುದಿಲ್ಲ," ಎಂದ. ಆದರೂ ಏಳಲಿಲ್ಲ. "ಒಂದೇ ಒಂದು ಸಂಶಯ. ನೋಡದೆ ಇದ್ದರೆ, ಮನಸ್ಸು ಮಲಗಿತು ಎಂದು ನನಗೆ ತಿಳಿಯುವುದು ಹೇಗೆ?"

ಗುರುಗಳು ಹೇಳಿದರು:

"ತಿಳಿಯಬೇಕು ಎನ್ನುವವನನ್ನು ಮೊದಲು ಮಲಗಿಸು."